16 ಬಿಟ್ ಡ್ಯಾಕ್ ಹಾಕಿದರೂ ಮಧ್ಯಾಹ್ನ ವೋಲ್ಟೇಜ್ ಇಳಿಯುತ್ತಿದೆ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಕನ್ವೇಯರ್ ಮೋಟರ್‌ನ ಡ್ರೈವ್‌ಗೆ 0–10 ವೋಲ್ಟ್ ಸ್ಪೀಡ್ ಸಿಗ್ನಲ್ ಕೊಡುವ ಬೋರ್ಡ್ ಮಾಡಿದ್ದೇನೆ. 16 ಬಿಟ್ ಡ್ಯಾಕ್ (ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಚಿಪ್), ಆಮೇಲೆ ಆ ವೋಲ್ಟೇಜನ್ನು ಹೆಚ್ಚಿಸುವ ಆಪ್-ಆಂಪ್. ಬೆಳಿಗ್ಗೆ 10.000 ವೋಲ್ಟ್ ಇಟ್ಟರೆ ಮಧ್ಯಾಹ್ನ 9.970 ಆಗಿರುತ್ತದೆ. ಪ್ಯಾನೆಲ್ ಒಳಗೆ ಬೆಳಿಗ್ಗೆ 25 ಡಿಗ್ರಿ, ಮಧ್ಯಾಹ್ನ 50. ಡ್ಯಾಕ್ 18 ಬಿಟ್‌ನದು ಹಾಕಿದರೆ ಸರಿ ಹೋಗುತ್ತದಾ?

ಉತ್ತರ: ಇಲ್ಲ, ಸುಮ್ನೆ ದುಡ್ಡು ದಂಡ. ಬಿಟ್ ಜಾಸ್ತಿಯಾದರೆ ಮೆಟ್ಟಿಲು ಸಣ್ಣದಾಗುತ್ತದೆ, ಅಷ್ಟೇ. ಏಣಿಯೇ ಕುಗ್ಗುತ್ತಿದ್ದರೆ ಮೆಟ್ಟಿಲು ಎಷ್ಟಿದ್ದು ಏನು ಬಂತು? ನಿಮ್ಮ ಒಂದು ಮೆಟ್ಟಿಲು 0.15 ಮಿಲಿವೋಲ್ಟ್. ಇಳಿದಿರುವುದು 30 ಮಿಲಿವೋಲ್ಟ್, ಅಂದರೆ ಸುಮಾರು 200 ಮೆಟ್ಟಿಲು. ಲೆಕ್ಕ ಹಾಕಿದರೆ ಡಿಗ್ರಿಗೆ 120 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 120 ಪಾಲು. ಡ್ಯಾಕ್ ತನ್ನ ಅಳತೆಗೋಲಾಗಿ ಬಳಸುವ ವೋಲ್ಟೇಜ್ ಬರುವುದು ರೆಫರೆನ್ಸ್ ಪಿನ್ನಿಗೆ. ಅಲ್ಲಿಗೆ ಏನು ಕೊಟ್ಟಿದ್ದೀರಿ?

ಪ್ರಶ್ನೆ: 3.3 ವೋಲ್ಟ್ ರೆಗ್ಯುಲೇಟರ್ ಸರ್. ಮೈಕ್ರೋಕಂಟ್ರೋಲರ್‌ಗೂ ಅದೇ.

ಉತ್ತರ: ಕಳ್ಳ ಅಲ್ಲೇ ಇರಬೇಕು. ರೆಗ್ಯುಲೇಟರ್ ಇರುವುದು ಚಿಪ್‌ಗಳಿಗೆ ಕರೆಂಟ್ ಕೊಡಲು, ಅಳತೆಗೋಲಾಗಲು ಅಲ್ಲ. ಆದರೆ ಊಹೆಯ ಮೇಲೆ ಚಿಪ್ ಬದಲಾಯಿಸಬೇಡಿ. ಬಿಸಿ ಸೋಲ್ಡರಿಂಗ್ ಐರನ್ನನ್ನು ರೆಗ್ಯುಲೇಟರ್ ಹತ್ತಿರ ಹಿಡಿಯಿರಿ, ತಾಗಿಸಬೇಡಿ. ಔಟ್‌ಪುಟ್ ಜಾರಿತಾ ನೋಡಿ. ಆಮೇಲೆ ಆಪ್-ಆಂಪ್‌ನ ಗೇನ್ (ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವುದು) ನಿರ್ಧರಿಸುವ ರೆಸಿಸ್ಟರ್‌ಗಳ ಹತ್ತಿರ, ಒಂದೊಂದಾಗಿ. ಡಿಗ್ರಿಗೆ 100 ಪಿಪಿಎಂನ ಎರಡು ರೆಸಿಸ್ಟರ್ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹೋದರೆ ಅವೇ ಸಾಕು ಕೆಲಸ ಕೆಡಿಸಲು. ನಾನಾದರೆ ಅಲ್ಲಿ 25 ಪಿಪಿಎಂಗಿಂತ ಜಾಸ್ತಿಯದ್ದು ಹಾಕುವುದೇ ಇಲ್ಲ. ಅಂದಹಾಗೆ, ಮೂರೂವರೆ ಅಂಕಿಯ ಮೀಟರ್ ಇದಕ್ಕೆ ಸಾಲದು. 20 ವೋಲ್ಟ್ ರೇಂಜ್‌ನಲ್ಲಿ ಅದು 10 ಮಿಲಿವೋಲ್ಟ್‌ಗಿಂತ ಸಣ್ಣದನ್ನು ತೋರಿಸುವುದಿಲ್ಲ.

ಇನ್ನೊಬ್ಬ ಸದಸ್ಯರು: ಕನ್ವೇಯರ್‌ಗೆ 12 ಬಿಟ್ ಸಾಕಲ್ವಾ?

ಉತ್ತರ: ಧಾರಾಳ. ಒಂದು ಮೆಟ್ಟಿಲು 2.4 ಮಿಲಿವೋಲ್ಟ್.

ಪ್ರಶ್ನೆ: ಸರ್, ನೋಡಿದೆ. ರೆಗ್ಯುಲೇಟರೇ! ರೆಸಿಸ್ಟರ್‌ಗಳಿಂದ ಅಷ್ಟೇನಿಲ್ಲ. ನನ್ನ ಡ್ಯಾಕ್ ಡಿಎಸಿ8563. ಹೊರಗಿಂದ ಯಾವ ರೆಫರೆನ್ಸ್ ತರಲಿ?

ಉತ್ತರ: ಏನೂ ತರಬೇಡಿ. ಅದರ ಒಳಗೇ 2.5 ವೋಲ್ಟ್ ರೆಫರೆನ್ಸ್ ಇದೆ, ಸಾಮಾನ್ಯವಾಗಿ ಡಿಗ್ರಿಗೆ 4 ಪಿಪಿಎಂ. ನಿಮ್ಮ 25 ಡಿಗ್ರಿಗೆ 1 ಮಿಲಿವೋಲ್ಟ್ ಆಯಿತು. ಪವರ್ ಕೊಟ್ಟಾಗ ಅದು ಆಫ್ ಇರುತ್ತದೆ, ಕಮಾಂಡ್ ಕಳಿಸಿ ಆನ್ ಮಾಡಬೇಕು. ಒಳಗಿನದು ಹೊರಬರುವುದೂ ಅದೇ ರೆಫರೆನ್ಸ್ ಪಿನ್ನಿನಲ್ಲಿ, ಹಾಗಾಗಿ ಮೊದಲು 3.3 ವೋಲ್ಟ್ ಟ್ರ್ಯಾಕ್ ಕತ್ತರಿಸಿ. ಆನ್ ಮಾಡಿದಾಗ ಡ್ಯಾಕ್‌ನ ಗೇನ್ 2ಕ್ಕೆ ಹೋಗುತ್ತದೆ, ಅಂದರೆ 2.5ರ ಎರಡು ಪಟ್ಟು, 5 ವೋಲ್ಟ್. 3.3 ವೋಲ್ಟ್ ಸಪ್ಲೈಯಲ್ಲಿ 5 ವೋಲ್ಟ್ ಎಲ್ಲಿಂದ ಬರಬೇಕು? 1ಕ್ಕೆ ಇಳಿಸಿ, ಆಪ್-ಆಂಪ್‌ನ ಗೇನ್ 4 ಮಾಡಿ.

ಈಗ ನನಗೆ ಚಿಂತೆ ಬೇರೆ. ನಿಮ್ಮ ಚಿಪ್‌ನ ಜೋಡಿ ಡಿಎಸಿ8562 ಪವರ್ ಆನ್ ಆದಾಗ ಸೊನ್ನೆಯಿಂದ ಶುರುವಾಗುತ್ತದೆ, 8563 ಅರ್ಧದಿಂದ. ನಿಮ್ಮ ಬೋರ್ಡ್‌ನಲ್ಲಿ ಅರ್ಧ ಅಂದರೆ 5 ವೋಲ್ಟ್. ಡ್ರೈವ್‌ಗೆ ‘ಓಡು’ ಎನ್ನುವ ರನ್ ಕಮಾಂಡ್ ಆಗಲೇ ಇದ್ದರೆ ಬೆಲ್ಟ್ ಅರ್ಧ ವೇಗದಲ್ಲಿ ಹೊರಟೇಬಿಡುತ್ತದೆ. ನನಗೆ ಒಮ್ಮೆ ಹೀಗಾಗಿ, ಬೆಲ್ಟ್ ಮೇಲಿಟ್ಟಿದ್ದ ಟಿಫಿನ್ ಬಾಕ್ಸ್ ಆ ತುದಿಯಲ್ಲಿ ಸಿಕ್ಕಿತು.

ಪ್ರಶ್ನೆ: ಅಯ್ಯೋ! ಬೆಳಿಗ್ಗೆ ಒಂದು ಸಲ ಬೆಲ್ಟ್ ಜರ್ಕ್ ಹೊಡೆಯುವುದು ಇದಕ್ಕೇನಾ ಸರ್?

ಉತ್ತರ: ಇದ್ದರೂ ಇರಬಹುದು. 8562 ಬರುವ ತನಕ ರನ್ ವೈರ್ ತೆಗೆದಿಡಿ.