ಬಾವುಟ ಹಿಡಿಯುತ್ತಾ, ಮರ ಹಿಡಿಯುತ್ತಾ?

ಅಳಿಯಾ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದು ಈಗ ನೋಡಿದೆ. ಗಾಲ್ಫಿಗೆ ದೂರ ಅಳೆಯುವ ರೇಂಜ್‌ಫೈಂಡರ್ ತಗೋಬೇಕು, ಇಪ್ಪತ್ತು ಸಾವಿರ ದಾಟಬಾರದು, ಮೂರು ಆರಿಸಿಟ್ಟಿದ್ದೇನೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ಅದರ ಕೆಳಗೆ ನಮ್ಮಕ್ಕ, 'ಅಷ್ಟು ದುಡ್ಡು ಕೊಟ್ಟು ದುರ್ಬೀನು ಯಾಕೋ' ಅಂತ ಬರೆದಿದ್ದಾಳೆ. ಅದಕ್ಕೆ ಹನ್ನೊಂದು ಜನ ನಕ್ಕಿದ್ದಾರೆ. ನಿನಗೆ ಉತ್ತರ ಮಾತ್ರ ಯಾರೂ ಕೊಟ್ಟಿಲ್ಲ. ಟೈಪ್ ಮಾಡೋಕೆ ನನ್ನ ಬೆರಳು ಓಡುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಹಿಂದೆ ಕುಕ್ಕರ್ ಕೂಗಿದರೆ ಬೇಜಾರು ಮಾಡ್ಕೋಬೇಡ, ನಿಮ್ಮತ್ತೆ ಅಡುಗೆಗೆ ಇಟ್ಟಿದ್ದಾಳೆ.

ನಾನು ಗಾಲ್ಫ್ ಆಡಿದವನಲ್ಲ, ಅದು ನಿನಗೂ ಗೊತ್ತು. ಆದರೆ ದೂರ ಅಳೆಯುವುದೇ ನನ್ನ ಹೊಟ್ಟೆಪಾಡು. ಸರಪಳಿ ಎಳೆದಿದ್ದೇನೆ, ಟೇಪು ಹಿಡಿದಿದ್ದೇನೆ, ಕೋನ ಅಳೆಯುವ ಥಿಯೊಡೊಲೈಟ್ ಹೊತ್ತಿದ್ದೇನೆ, ಈಗ ಕೋನ, ದೂರ ಎರಡನ್ನೂ ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್. ದಾವಣಗೆರೆಯ ಲೇಔಟ್‌ಗಳಲ್ಲಿ ಸೈಟು ಅಳೆದಿದ್ದೇನೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಕ್ಕೆ ಹೋಗುವ ರಸ್ತೆಗಳನ್ನೂ ಅಳೆದಿದ್ದೇನೆ. ನಿನ್ನ ಆ ಪುಟ್ಟ ಯಂತ್ರ ನನ್ನ ಟೋಟಲ್ ಸ್ಟೇಷನ್ನಿನ ಮೊಮ್ಮಗ ಇದ್ದಂತೆ. ಅಕ್ಕಾ, ನೀನೂ ಕೇಳಿಸ್ಕೋ, ಅದು ಬರೀ ದುರ್ಬೀನಲ್ಲ. ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಬೆಳಕು ಹೋಗಿ, ಎದುರಿನ ವಸ್ತುವಿಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಚೆಂಡು ಹಾಕಬೇಕಾದ ಗುಳಿಯ ಗುರುತಿಗೆ ಬಾವುಟ ನೆಟ್ಟಿರುತ್ತಾರಲ್ಲ, 150 ಗಜ ದೂರದ ಅಂಥ ಬಾವುಟಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲೂ ಬೇಡ.

ಮೊದಲು ಕಳೆದ ದಸರಾದ ಆ ಬೆಳಗ್ಗೆ ನೆನಪು ಮಾಡ್ಕೋ. ನನ್ನನ್ನು ಬೆಂಗಳೂರಿನ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆಯಲ್ಲ. ನಿನ್ನ ಗೆಳೆಯ ಹೊಸ ಯಂತ್ರ ತಂದಿದ್ದ. ಕೆರೆಯ ಆಚೆಗೆ ಬಾವುಟ. ಅವನು ನೋಡಿದ, 137 ಅಂತ ತೋರಿಸಿತು. ಅಷ್ಟು ದೂರಕ್ಕೆ ಯಾವ ದಾಂಡು, ನಿಮ್ಮ ಭಾಷೆಯ ಕ್ಲಬ್, ಬೇಕೋ ಅದನ್ನೇ ತೆಗೆದ. ಏಟು ಚೆನ್ನಾಗಿಯೇ ಬಿತ್ತು, ಸದ್ದಿನಲ್ಲೇ ಗೊತ್ತಾಯಿತು. ಚೆಂಡು ಹೋಗಿ ದಡಕ್ಕೆ ನಾಲ್ಕು ಹೆಜ್ಜೆ ಇರುವಾಗ ನೀರಿಗೆ ಬಿತ್ತು. ಅವನು ಗಾಳಿಯನ್ನು ಬೈದ. ಗಾಳಿ ಎಲ್ಲಿತ್ತು? ಪಕ್ಕದ ಮರದ ಎಲೆ ಅಲುಗುತ್ತಿರಲಿಲ್ಲ. ಚೀಲ ಹೊತ್ತಿದ್ದ ಕ್ಯಾಡಿ ನೆಲದಲ್ಲಿದ್ದ ಗುರುತು ತೋರಿಸಿ, 'ಸಾರ್, ಇದು ನೂರೈವತ್ತರ ಗುರುತು. ನಿಮ್ಮ ಮಿಷನ್ ಮೀಟರ್ ಹೇಳ್ತಿದೆ' ಅಂದ. ಅಷ್ಟೇ ವಿಷಯ. ಒಂದು ಮೀಟರ್ ಅಂದರೆ 1.09 ಗಜ. 137 ಮೀಟರ್ ಅಂದರೆ ಹೆಚ್ಚು ಕಮ್ಮಿ 150 ಗಜ. ಅವನು 137 ಗಜ ಅಂದುಕೊಂಡ, ಆ ಹದಿಮೂರು ಗಜ ಕೆರೆಯಲ್ಲಿ ಹೋಯಿತು. ಯಾವ ಯಂತ್ರ ತಗೊಂಡರೂ ಡಬ್ಬ ಬಿಚ್ಚಿದ ತಕ್ಷಣ ಗಜಕ್ಕೆ ಹಾಕಿಬಿಡು. ನಿಮ್ಮ ಭಾಷೆಯ ಯಾರ್ಡ್, ನಮ್ಮ ಭಾಷೆಯ ಗಜ, ಎರಡೂ ಮೂರಡಿಯೇ.

ಈಗ ನಿನ್ನ ಮೂರಕ್ಕೆ ಬರುತ್ತೇನೆ. ಮೊದಲನೆಯದು ಬೇಟೆಗೂ ಆಗುತ್ತದೆ ಗಾಲ್ಫಿಗೂ ಆಗುತ್ತದೆ ಅಂತ ಬರೆದಿರುವುದು. ಅದು ಬೇಡ. ಯಾಕೆ ಬೇಡ ಅಂದರೆ ಅಂಥದ್ದನ್ನು ತಗೊಂಡು ನಾನು ಕೆಟ್ಟಿದ್ದೇನೆ.

ಎರಡು ವರ್ಷದ ಹಿಂದೆ, ಟೋಟಲ್ ಸ್ಟೇಷನ್ ಹೊತ್ತು ಗುಡ್ಡ ಹತ್ತುವ ಮೊದಲು ಅಂದಾಜು ದೂರ ನೋಡೋಣ ಅಂತ ಆನ್‌ಲೈನಿನಲ್ಲಿ ಒಂದು ತರಿಸಿದೆ. ಡಬ್ಬದ ಮೇಲೆ ದೊಡ್ಡದಾಗಿ 1000 ಗಜ ಅಂತ ಇತ್ತು. ನಮ್ಮ ಹುಡುಗ ಒಂದು ರೇಂಜಿಂಗ್ ರಾಡ್ ನೆಟ್ಟು ನಿಂತ. ಕೆಂಪು ಬಿಳಿ ಪಟ್ಟಿಯ ಕೋಲು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ನಿಮ್ಮ ಬಾವುಟದ ಕೋಲೂ ಹೆಚ್ಚು ಕಮ್ಮಿ ಅಷ್ಟೇ ಅಲ್ವಾ? ಟೇಪು ಹಿಡಿದು ಅಳೆದಿದ್ದೆವು, 120 ಮೀಟರ್. ಅದರ ಹಿಂದೆ ಒಂದು ಹುಣಸೆ ಮರ. ಗುಂಡಿ ಒತ್ತಿದೆ, 161. ಮತ್ತೆ ಒತ್ತಿದೆ, 160. ಹುಡುಗನಿಗೆ 'ಕೋಲು ನೆಟ್ಟಗೆ ಹಿಡಿಯೋ' ಅಂತ ಬೈದೆ. ಮತ್ತೆ 161. ಆಮೇಲೆ ಹೊಳೆಯಿತು, ಅದು ಕೋಲನ್ನು ಲೆಕ್ಕಕ್ಕೇ ತಗೊಳ್ಳದೆ ಹುಣಸೆ ಮರ ಅಳೆಯುತ್ತಿತ್ತು.

ತಪ್ಪು ಯಂತ್ರದ್ದಲ್ಲ. ಈ ಬೆಳಕು ದಾರದ ಹಾಗೆ ಸಣ್ಣಗೆ ಹೋಗುವುದಿಲ್ಲ, ಟಾರ್ಚಿನ ಬೆಳಕಿನ ಹಾಗೆ ದೂರ ಹೋದಷ್ಟೂ ಅಗಲ ಆಗುತ್ತದೆ. ಸ್ವಲ್ಪ ಕೋಲಿಗೆ ಬಡಿಯುತ್ತದೆ, ಉಳಿದದ್ದು ಹಿಂದಿನ ಮರಕ್ಕೆ. ಎರಡೂ ಕಡೆಯಿಂದ ಉತ್ತರ ಬರುತ್ತದೆ. ಯಾವುದನ್ನು ತೋರಿಸಬೇಕು ಅಂತ ಯಂತ್ರ ತೀರ್ಮಾನ ಮಾಡಬೇಕು. ಬೇಟೆಯವನಿಗೆ ಮುಂದಿನ ಪೊದೆ, ಹುಲ್ಲು ಬೇಡ, ಹಿಂದೆ ನಿಂತ ಪ್ರಾಣಿ ಬೇಕು. ಅದಕ್ಕೆ ಅವನ ಯಂತ್ರ ದೂರದ್ದನ್ನು ಹಿಡಿಯುವ ಹಾಗೆ ಮಾಡಿರುತ್ತಾರೆ. ಗಾಲ್ಫ್ ಆಡುವವನಿಗೆ ಮುಂದಿನ ಬಾವುಟ ಬೇಕು, ಹಿಂದಿನ ಮರ ಬೇಡ. ಎರಡೂ ತದ್ವಿರುದ್ಧ. ಕೆಲವದರಲ್ಲಿ ಬದಲಾಯಿಸಲು ಗುಂಡಿ ಇರುತ್ತದೆ, ಆದರೆ ಆಟದ ಮಧ್ಯೆ ಅದನ್ನು ನೆನಪಿಟ್ಟುಕೊಳ್ಳುವವರು ಯಾರು? ನನಗೆ ಇದು ಅರ್ಥ ಆಗುವಷ್ಟರಲ್ಲಿ ಹತ್ತು ದಿನದ ಗಡುವು ಮುಗಿದಿತ್ತು, ಮಾರಿದವರು ವಾಪಸ್ ತಗೊಳ್ಳಲಿಲ್ಲ. ಈಗ ಅದು ನಮ್ಮನೆ ಷೋಕೇಸಿನಲ್ಲಿ ಗಣಪನ ಪಕ್ಕ ಕೂತಿದೆ.

ಹಾಗಾಗಿ ದುಡ್ಡು ಕೊಡುವುದಾದರೆ ಬಾವುಟ ಹಿಡಿಯುವ ಗುಣಕ್ಕೆ ಕೊಡು. 1000 ಗಜ, 1300 ಗಜ ಅನ್ನುವುದನ್ನು ನೋಡಲೇಬೇಡ. ಆ ದೂರ ಚೆನ್ನಾಗಿ ಹೊಳೆಯುವ ದೊಡ್ಡ ವಸ್ತುವಿಗೆ ಮಾತ್ರ ಸಿಗುತ್ತದೆ. ನೀನು ಹೊಡೆಯುವುದು ಇನ್ನೂರು ಗಜ, ಅದೂ ದೇವರ ದಯೆ ಇದ್ದ ದಿನ. ಬಾವುಟ ಸಿಕ್ಕಾಗ ಫೋನಿನ ಹಾಗೆ ಕೈಯಲ್ಲಿ ನಡುಗುವ ಸೌಲಭ್ಯ ಇರಲಿ. ಬುಶ್ನೆಲ್‌ನವರು ಅದಕ್ಕೆ ಜೋಲ್ಟ್ ಅಂತ ಹೆಸರಿಟ್ಟಿದ್ದಾರೆ, ಬೇರೆಯವರು ಬೇರೆ ಹೆಸರು ಇಟ್ಟುಕೊಂಡಿದ್ದಾರೆ. ಆದರೆ ನಡುಗಿತು ಅಂದ ಮಾತ್ರಕ್ಕೆ ನಂಬಿಬಿಡಬೇಡ. ಹತ್ತಿರದ್ದೇನೋ ಒಂದು ಸಿಕ್ಕಿತು ಅಂತ ಅದು ಹೇಳುತ್ತಿದೆ, ಅಷ್ಟೇ. ಮೂರು ಸಲ ನೋಡು. ಮೂರೂ ಒಂದೇ ಬಂದರೆ ಅಥವಾ ಒಂದು ಗಜ ಆಚೀಚೆ ಬಂದರೆ ಸರಿ. ಕೆಲವು ಕಡೆ ಬಾವುಟದ ಕೋಲಿನ ತುದಿಗೆ ಸಣ್ಣ ಪ್ರಿಸಂ ಕೂರಿಸಿರುತ್ತಾರೆ. ನಮ್ಮ ಹುಡುಗ ಕೋಲಿನ ಮೇಲೆ ಹಿಡಿದು ನಿಲ್ಲುತ್ತಾನಲ್ಲ, ಅದೇ ಜಾತಿ. ಅದು ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಅಲ್ಲಿ ಕಡಿಮೆ ಬೆಲೆಯ ಯಂತ್ರವೂ ಜಾಣನಾಗುತ್ತದೆ. ಪ್ರಿಸಂ ಇಲ್ಲದ ಕಡೆಯೇ ಬಂಡವಾಳ ಗೊತ್ತಾಗುವುದು.

ಕೈ ನಡುಗುವುದು ಇನ್ನೊಂದು. ಒಂದೇ ಕೈಯಲ್ಲಿ ಹಿಡಿದು ಸ್ಟೈಲ್ ಮಾಡಬೇಡ. ಎರಡೂ ಕೈ, ಮೊಣಕೈ ಪಕ್ಕೆಗೆ ಒತ್ತಿರಲಿ, ಉಸಿರು ಅರ್ಧ ಬಿಟ್ಟು ನಿಲ್ಲಿಸು, ಆಮೇಲೆ ಗುಂಡಿ. ಆರು ಪಟ್ಟು ದೊಡ್ಡದಾಗಿ ಕಾಣುವುದು ಸಾಕು. ಅದಕ್ಕಿಂತ ಜಾಸ್ತಿ ಆದರೆ ನಡುಕವೂ ದೊಡ್ಡದಾಗಿಯೇ ಕಾಣುತ್ತದೆ.

ಎರಡನೆಯದರಲ್ಲಿ ಸ್ಲೋಪ್, ಅಂದರೆ ಏರಿಳಿತ ಲೆಕ್ಕ ಹಾಕುವ ಸೌಲಭ್ಯ ಇದೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಾ ಅಂತ ಕೇಳಿದ್ದೀಯ. ಕೊಡು. ನಮ್ಮ ದುರ್ಗದ ಕೋಟೆ ನೆನೆಸ್ಕೋ. ಕೆಳಗೆ ನಿಂತು ಮೇಲಿನ ಬತೇರಿಗೆ ಕಲ್ಲು ಎಸೆಯುವುದೂ, ಮೇಲಿಂದ ಕೆಳಗೆ ಎಸೆಯುವುದೂ ಒಂದೇನಾ? ದೂರ ಅದೇ, ಕೈಗೆ ಬೀಳುವ ಕೆಲಸ ಬೇರೆ. ಬಾವುಟ 150 ಗಜ ದೂರದಲ್ಲಿದೆ, 5 ಡಿಗ್ರಿ ಏರು ಇದೆ ಅಂತ ಇಟ್ಕೋ. ಕಣ್ಣಿಗೆ ಅದು ದೊಡ್ಡ ಏರು ಅನಿಸುವುದಿಲ್ಲ. ಆದರೆ ಎತ್ತರ 13 ಗಜ ಆಯಿತು. ಗಾಲ್ಫ್ ಯಂತ್ರ ನೆಲದ ಮೇಲಿನ ದೂರ 149ಕ್ಕೆ ಅದನ್ನು ಸೇರಿಸಿ ಸುಮಾರು 162ಕ್ಕೆ ಹೊಡಿ ಅನ್ನುತ್ತದೆ. ಇಳಿಜಾರಾದರೆ ಕಳೆದು 136 ಅನ್ನುತ್ತದೆ. ಬೇಟೆ ಯಂತ್ರದಲ್ಲೂ ಕೋನದ ಲೆಕ್ಕ ಇರುತ್ತದೆ, ಆದರೆ ಅದು ಏರಾಗಲಿ ಇಳಿಜಾರಾಗಲಿ ನೆಲದ ಮೇಲಿನ ದೂರ ಮಾತ್ರ ಕೊಡುತ್ತದೆ, 149. ಡಬ್ಬದ ಮೇಲೆ ಆ್ಯಂಗಲ್ ಅಂತ ಬರೆದಿದೆ, ಸ್ಲೋಪ್ ಇದೆ ಅಂದುಕೊಂಡು ತಗೊಂಡರೆ ಹದಿಮೂರು ಗಜ ಮತ್ತೆ ಕೆರೆಗೆ. ನಿಕಾನ್‌ನ ಕೂಲ್‌ಶಾಟ್ ನೋಡುತ್ತಿದ್ದರೆ ಮಾದರಿಯ ನಂಬರಿನ ಜೊತೆ ಐ ಅಕ್ಷರ ಇದೆಯಾ ನೋಡು, ನಂಬರಿನ ಮಾದರಿಗಳಲ್ಲಿ ಸ್ಲೋಪ್ ಇರುವುದು ಅದರಲ್ಲೇ.

ಆದರೆ ಒಂದು ಮಾತು, ಸ್ಲೋಪ್ ಆಫ್ ಮಾಡಲು ಬರಬೇಕು. ಸ್ವಿಚ್ಚು ಹೊರಗಡೆಯೇ, ಎದುರಿನವನಿಗೂ ಕಾಣುವ ಹಾಗೆ ಇದ್ದರೆ ಇನ್ನೂ ಒಳ್ಳೆಯದು. 2019ರ ನಿಯಮಗಳಿಂದ ಸ್ಪರ್ಧೆಯಲ್ಲಿ ದೂರ ಅಳೆಯಬಹುದು, ಆಡಿಸುವವರು ಬೇಡ ಅಂತ ಸ್ಥಳೀಯ ನಿಯಮ ಮಾಡದಿದ್ದರೆ. ಏರಿಳಿತ ಅಳೆಯುವ ಹಾಗಿಲ್ಲ. ಯಂತ್ರದಲ್ಲಿ ಸ್ಲೋಪ್ ಇದ್ದರೆ ತಪ್ಪಿಲ್ಲ, ಆಫ್ ಮಾಡಿಟ್ಟಿರಬೇಕು. ಬಳಸಿ ಸಿಕ್ಕಿಬಿದ್ದರೆ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಮೊದಲ ಸಲ ಎರಡು ಹೊಡೆತದ ದಂಡ, ಎರಡನೇ ಸಲ ಆಟದಿಂದಲೇ ಹೊರಗೆ. ಅಮೆರಿಕದ ಪಿಜಿಎ ಚಾಂಪಿಯನ್‌ಶಿಪ್‌ನಲ್ಲೂ 2021ರಿಂದ ದೂರ ಅಳೆಯುವ ಯಂತ್ರ ಬಿಟ್ಟಿದ್ದಾರೆ, ಅಲ್ಲೂ ಸ್ಲೋಪ್ ಇಲ್ಲದೆ.

ಮೂರನೆಯದು ಜಿಪಿಎಸ್ ವಾಚು. ಕೆಟ್ಟದ್ದೇನಲ್ಲ. ದಿಬ್ಬದ ಹಿಂದೆ ಬಾವುಟ ಮರೆಯಾದಾಗ ಲೇಸರ್ ಕುರುಡು, ವಾಚು ಹೇಳುತ್ತದೆ. ಆದರೆ ಅದು ಹೇಳುವುದು ಗ್ರೀನಿನ, ಅಂದರೆ ಬಾವುಟ ನೆಡುವ ಆ ನುಣುಪು ಹುಲ್ಲಿನ ಜಾಗದ ಮುಂದು, ಮಧ್ಯ, ಹಿಂದು. ಇವತ್ತು ಬೆಳಗ್ಗೆ ಬಾವುಟ ಎಲ್ಲಿ ನೆಟ್ಟಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಗ್ರೀನ್ 30 ಗಜ ಉದ್ದ ಇದ್ದರೆ ಮುಂದಿನ ತುದಿಗೂ ಹಿಂದಿನ ತುದಿಗೂ ಎರಡು ಮೂರು ಕ್ಲಬ್ ವ್ಯತ್ಯಾಸ. ಅದು ಮುಂದಿನ ವರ್ಷ ಬೇಕಾದರೆ ನೋಡು.

ನನ್ನ ಓಟು ಎರಡನೆಯದಕ್ಕೆ. ಕೊಳ್ಳುವ ಮೊದಲು ಇನ್ನೆರಡು ನೋಡ್ಕೋ. ನೀನು ಕನ್ನಡಕದವನು, ಕಣ್ಣಿನ ಕಡೆ ತಿರುಗಿಸಿ ಸರಿ ಮಾಡಿಕೊಳ್ಳುವ ಉಂಗುರ ಇರಲೇಬೇಕು. ಒಳಗೆ ಅಂಕಿ ಕಪ್ಪಾಗಿ ಬರುತ್ತದಾ ಕೆಂಪಾಗಿ ಬರುತ್ತದಾ ಕೇಳು. ಸಂಜೆ ಹೊತ್ತು ಮರದ ನೆರಳಿನ ಎದುರು ಕಪ್ಪು ಅಂಕಿ ಕಾಣುವುದಿಲ್ಲ. ಬ್ಯಾಟರಿ ವಿಷಯದಲ್ಲಿ ನಾನು ಹಳೇ ಕಾಲದವನು. ಬಿಚ್ಚಿ ಹಾಕುವ ಸಿಆರ್2 ಇರುವುದೇ ನನಗೆ ಇಷ್ಟ, ಒಂದು ಜಾಸ್ತಿ ಜೇಬಲ್ಲಿ ಇಟ್ಟರಾಯಿತು. ಆ ಗಿಡ್ಡ ಬ್ಯಾಟರಿಗೆ ನಾನು ಇಲ್ಲಿ ನಾಲ್ಕು ಅಂಗಡಿ ತಿರುಗಿದ್ದು ನಿಜ, ನಿನಗೆ ಬೆಂಗಳೂರಿನಲ್ಲಿ ಆ ಕಷ್ಟ ಇಲ್ಲ. ಗಾಲ್ಫ್ ಗಾಡಿಯ ಕಂಬಿಗೆ ಅಂಟುವ ಅಯಸ್ಕಾಂತ ಇದ್ದರೆ ಇರಲಿ. ಬ್ಲೂಟೂತು, ಆ್ಯಪು, ಅದೆಲ್ಲ ಸುಮ್ನೆ.

ಬಂದ ದಿನವೇ ಪರೀಕ್ಷೆ ಮಾಡಬೇಕು, ನನ್ನ ಹಾಗೆ ಗಡುವು ಕಳೆದುಕೊಳ್ಳಬೇಡ. ಹೇಗೂ ಶನಿವಾರ ಊರಿಗೆ ಬರುತ್ತೀಯಲ್ಲ, ಅಷ್ಟರೊಳಗೆ ತರಿಸಿ ಇಲ್ಲಿಗೇ ತಗೊಂಡು ಬಾ. ಬೆಳಗ್ಗೆ ಆರೂವರೆಗೆ ಹೈಸ್ಕೂಲ್ ಮೈದಾನಕ್ಕೆ ಹೋಗೋಣ. ಬಿಸಿಲೇರಿದ ಮೇಲೆ ಬೇಡ, ನೆಲದ ಕಾವಿಗೆ ದೂರದ ಕೋಲೇ ಕುಣಿಯುತ್ತದೆ. ಟೇಪು ಹಿಡಿದು 100 ಗಜಕ್ಕೆ ಒಂದು, 150ಕ್ಕೆ ಒಂದು ರಾಡ್ ನೆಡುತ್ತೇನೆ, ಹಿಂದೆ ಮರ ಇರುವ ಕಡೆಯೇ ನೆಡುತ್ತೇನೆ. ಹತ್ತು ಸಲ ಒತ್ತು. ಎಂಟು ಸಲ ಕೋಲು ಹಿಡಿದರೆ ಇಟ್ಕೋ, ಇಲ್ಲದಿದ್ದರೆ ಅವತ್ತೇ ವಾಪಸ್ ಕಳಿಸು. ಆಮೇಲೆ ದೋಸೆ ನನ್ನ ಲೆಕ್ಕ.

ಅಕ್ಕಾ, ಅವನನ್ನು ಇನ್ನು ಬೈಬೇಡ. ಅಳಿಯಾ, ಬರುವಾಗ ಹೋದ ಸಲ ಒಯ್ದ ನನ್ನ ಮೂವತ್ತು ಮೀಟರ್ ಟೇಪು ತಗೊಂಡು ಬಾ. ಅದಿಲ್ಲದೆ ಈ ಪರೀಕ್ಷೆ ನಡೆಯುವುದಿಲ್ಲ.