‘ಡಿಸಾರ್ಮ್’ ಬಂದ ಕಡೆಯೆಲ್ಲ ‘ನಿಶ್ಶಸ್ತ್ರಗೊಳಿಸು’ ಸರೀನಾ?

ಪ್ರಶ್ನೆ: ಮೇಡಂ, ಸುದ್ದಿ ಅನುವಾದದ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ‘ಡಿಸಾರ್ಮ್’ ಕಂಡರೆ ‘ನಿಶ್ಶಸ್ತ್ರಗೊಳಿಸು’ ಅಂತಲೇ ಬರೆಯುತ್ತೇನೆ. ಓದುವಾಗ ಒರಟು ಅನಿಸುತ್ತದೆ. ಡಿಫ್ಯೂಸ್, ಡಿಮಿಲಿಟರೈಸ್, ಡಿಕಮಿಷನ್ ಇವೆಲ್ಲ ಅದರ ಸಮಾನಪದಗಳೇ ಅಲ್ವಾ?

ಉತ್ತರ: ಹತ್ತಿರದ ಪದಗಳು, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಆಯುಧ ಕೈಬಿಟ್ಟು ಹೋದದ್ದು ಹೇಗೆ ಅಂತ ಮೊದಲು ನೋಡಿ. ಪೊಲೀಸರು ದಾಳಿಕೋರನನ್ನು ಡಿಸಾರ್ಮ್ ಮಾಡಿದ್ದರೆ ‘ಅವನ ಕೈಯಲ್ಲಿದ್ದ ಚಾಕು ಕಿತ್ತುಕೊಂಡರು’ ಅಂತ ಬರೆಯಿರಿ. ಸಂಘಟನೆಯೊಂದು ತಾನಾಗಿ ಒಪ್ಪಿದ್ದರೆ ‘ಶಸ್ತ್ರ ಕೆಳಗಿಟ್ಟಿತು’. ‘ನಿಶ್ಶಸ್ತ್ರೀಕರಣ’ವನ್ನು ದೇಶಗಳ ನಡುವಿನ ಮಾತುಕತೆಗೆ ಉಳಿಸಿಕೊಳ್ಳಿ. ಬಾಂಬಿಗೆ ಡಿಸಾರ್ಮ್, ಡಿಫ್ಯೂಸ್ ಎರಡೂ ನಡೆಯುತ್ತವೆ. ನಮ್ಮಲ್ಲಿ ‘ನಿಷ್ಕ್ರಿಯಗೊಳಿಸು’ ರೂಢಿ. ಡಿಮಿಲಿಟರೈಸ್ ಹೆಚ್ಚಾಗಿ ಜಾಗದ ಮಾತು, ಅಂದರೆ ಒಂದು ಜಾಗವನ್ನು ಸೇನೆಯಿಂದ ಮುಕ್ತವಾಗಿಡುವುದು. 1953ರ ಕದನವಿರಾಮದಿಂದ ಎರಡು ಕೊರಿಯಾಗಳ ನಡುವೆ ಉಳಿದಿರುವ, ಸುಮಾರು 4 ಕಿಲೋಮೀಟರ್ ಅಗಲದ ಪಟ್ಟಿ ಅಂಥದ್ದು.

ಡಿಕಮಿಷನ್, ಅಂದರೆ ಬಳಕೆಯಿಂದ ತೆಗೆದುಹಾಕುವುದು, ಈ ಪದದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಉತ್ತರ ಐರ್ಲೆಂಡಿನಲ್ಲಿ 1998ರ ಶಾಂತಿ ಒಪ್ಪಂದ ಆದ ಮೇಲೂ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಶಸ್ತ್ರ ಸಂಘಟನೆ ಐಆರ್‌ಎಯ ಆಯುಧಗಳ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. ಸರೆಂಡರ್ ಅಂದರೆ ಸೋತು ಶರಣಾದ ಹಾಗೆ. ಅದಕ್ಕೆ ಅವರು ತಯಾರಿರಲಿಲ್ಲ. ಹಾಗಾಗಿ ಡಿಕಮಿಷನ್ ಎಂಬ ಪದವೇ ನಿಂತಿತು. 2005ರ ಸೆಪ್ಟೆಂಬರಿನಲ್ಲಿ ಕೆನಡಾದ ಜನರಲ್ ಜಾನ್ ಡಿ ಶಾಸ್ಟ್ಲಾನ್ ಅವರ ನೇತೃತ್ವದಲ್ಲಿ ಈ ಕೆಲಸದ ಮೇಲ್ವಿಚಾರಣೆ ನೋಡುತ್ತಿದ್ದ ಆಯೋಗ, ಆ ಆಯುಧಗಳು ಇನ್ನು ಬಳಕೆಗೆ ಸಿಗುವುದಿಲ್ಲ ಎಂದು ಘೋಷಿಸಿತು. ಇಬ್ಬರು ಪಾದ್ರಿಗಳು ಸಾಕ್ಷಿಯಾಗಿದ್ದರು. ಇದನ್ನು ‘ಶಸ್ತ್ರ ಒಪ್ಪಿಸಿ ಶರಣಾದರು’ ಅಂತ ಬರೆದರೆ ಸುದ್ದಿಯೇ ಸುಳ್ಳಾಗುತ್ತದೆ.

ಪ್ರಶ್ನೆ: ‘ಡಿಸಾರ್ಮಿಂಗ್ ಸ್ಮೈಲ್’ ಬಂದರೆ?

ಉತ್ತರ: ಅಲ್ಲಿ ಆಯುಧದ ಸುದ್ದಿಯೇ ಬೇಡ. ‘ಸಿಟ್ಟು ಕರಗಿಸುವ ನಗು’ ಅನ್ನಿ. ಎದುರಿನವರಿಗೆ ಇದ್ದದ್ದು ಅನುಮಾನವಾದರೆ ‘ಅನುಮಾನ ಮರೆಸುವ ನಗು’.

ಇನ್ನೊಬ್ಬರ ಪ್ರಶ್ನೆ: ಕೊಡಗಿನ ಇತಿಹಾಸದಲ್ಲಿ ‘ಡಿಸಾರ್ಮಿಂಗ್ ಆಕ್ಟ್’ ಅಂತ ಓದಿದೆ. ಅದಕ್ಕೇನು ಬರೆಯಲಿ?

ಉತ್ತರ: ಒಳ್ಳೆಯದನ್ನೇ ಕೇಳಿದಿರಿ. 1857ರ ದಂಗೆಯ ನಂತರ ಜನರ ಬಳಿ ಆಯುಧ ಇರಬಾರದು ಅಂತ ಬ್ರಿಟಿಷರು ತಂದ ಕಾನೂನು ಅದು. ಜನ ಒಪ್ಪಿ ಕೊಟ್ಟದ್ದಲ್ಲ. ಅದಕ್ಕೇ ನಾನು ‘ಆಯುಧ ಕಸಿಯುವ ಕಾಯ್ದೆ’ ಅನ್ನುತ್ತೇನೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಕೋವಿ ಅವರ ಮನೆಯಲ್ಲೇ ಉಳಿಯಿತು. ಇವತ್ತಿಗೂ ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆ ಸುದ್ದಿ ಬರೆಯುವಾಗ ‘ಬಂದೂಕು’ ಬೇಡ, ‘ಕೋವಿ’ ಅಂತಲೇ ಬರೆಯಿರಿ.