ಆರ್ಯವರ್ಧನ್ ಸುಖದಾಗ ಇದ್ದನೋ ಇಲ್ಲೋ

(‘ಮನಿ ಮಂದಿ’ ಗುಂಪು, ರವಿವಾರ ಮಧ್ಯಾಹ್ನ. ಎಲ್ಲಾರ ಒಪ್ಪಿಗಿ ತಗೊಂಡು ಇಲ್ಲಿ ಹಾಕೇನಿ. ಹೆಸರು ತಗದು ನಾ ಕರಿಯೂ ಹಂಗ ಬರದೇನಿ.)

ತಮ್ಮ: [ವಿಡಿಯೋ] ‘ಜೊತೆ ಜೊತೆಯಲಿ’ ಸೀರಿಯಲ್‌ನ್ಯಾಗಿನ ಆರ್ಯವರ್ಧನ್ ಲಗ್ನದ ಸೀನು. ಎಲ್ಲಾರೂ ಒಂದ ಮಾತ ಹೇಳ್ರಿ. ಅಷ್ಟ ದೊಡ್ಡ ಕಂಪನಿ ಮಾಲಕ, 45ರ ವಯಸ್ಸಿನ್ಯಾಗ 20ರ ಅನುನ್ನ ಲಗ್ನ ಆದ. ಆಮ್ಯಾಲ ಸುಖದಾಗ ಇದ್ದನೋ ಇಲ್ಲೋ?

ದೊಡ್ಡಪ್ಪ: ಇದೇನ್ ಕೇಳೂ ಮಾತಾ? ಬಾಗಲಿಗೆ ಕಾರು, ಮನಿ ತುಂಬ ಆಳು, ಜೀವಕ್ಕ ಜೀವ ಕೊಡೂ ಹೆಂಡತಿ. ಗಂಡಸಿಗೆ ಇನ್ನೇನ ಬೇಕು?

ಅಕ್ಕ (ನವನಗರ): ದೊಡ್ಡಪ್ಪಾರ, ಲಗ್ನಕಿಂತ ಮೊದಲ ನಕ್ಕಷ್ಟು ಆಮ್ಯಾಲ ಅಂವ ನಗಲಿಲ್ರಿ. ಅನುನ ಅಪ್ಪ-ಅವ್ವ ಸುಬ್ಬು-ಪುಷ್ಪಾ ಅವರ ಸಣ್ಣ ಮನಿಗೆ ಬಂದಾಗ ಅವನ ಮುಖ ಹೆಂಗ ಇರತಿತ್ತು ನೆನಸ್ಕೋರಿ. ತನ್ನ ಬಂಗಲೇದಾಗ ಆ ಮುಖ ಎಲ್ಲೈತಿ?

ಕಾಕು (ಬೆಳಗಾವಿ): ನನಗ ಈ ಪ್ರಶ್ನಿನ ಇಲ್ಲ. ನಾ ಮರಾಠಿ ಮೂಲ ನೋಡಾಕಿ. ‘ತುಲಾ ಪಾಹತೇ ರೇ’, 2018ರಾಗ ಚಾಲೂ ಆತು, ಸುಬೋಧ ಭಾವೆ. ಅದರಾಗ ವಿಕ್ರಾಂತ, ಅಂದ್ರ ನಿಮ್ಮ ಆರ್ಯವರ್ಧನ್ ಜಾಗಾದಾಗ ಇರಾಂವ, ಮೊದಲ್ನೇ ಹೆಂಡತಿನ್ನ ಆಸ್ತಿಗಾಗಿ ಕೊಂದಂವ. ಕೊಂದಂವಗ ಎಲ್ಲಿ ಸುಖಾ? ನೀವು ಇಲ್ಲಿ ಲಗ್ನದ ಸೀನ್ ನೋಡಿ ಕಣ್ಣೀರ ಹಾಕೂವಾಗ ನಮ್ಮ ಓಣ್ಯಾಗಿನ ಹೆಣಮಕ್ಕಳಿಗೆಲ್ಲಾ ಮೊದಲ ಗೊತ್ತಿತ್ತು.

ತಮ್ಮ: ಕಾಕು, ನಾವು ಕೇಳಿದ್ದು ಆರ್ಯವರ್ಧನ್‌ಂದು. ಅನಿರುದ್ಧ ಅವರ ಪಾತ್ರ.

ಕಾಕು (ಬೆಳಗಾವಿ): ಒಂದ ಕಥಿ ಅಲ್ಲೇನೋ?

ತಮ್ಮ: ಬೇರು ಒಂದ, ಗಿಡಾ ಬ್ಯಾರೆ. ಕನ್ನಡದಾಗ 2019ರಿಂದ 2023ರ ತನಕ ಓಡೈತಿ. ನಡುವ 2022ರಾಗ ಅನಿರುದ್ಧ ಹೋಗಿ ಹರೀಶ್ ರಾಜ್ ಬಂದ್ರು. ಮಂದಿ ಇವನ್ನ ಕೊಲೆಗಾರ ಅಂತ ನೋಡಲಿಲ್ಲ, ಮನಿ ಮಗನಂಗ ನೋಡಿದ್ರು.

ವಕೀಲ ಮಾಮಾ: ನನ್ನ ಪ್ರಕಾರ ಅವನ ದುಃಖದ ಮೂಲ ಮನ್ಯಾಗಿನ ಮಂದಿ ಲೆಕ್ಕಾ ಹಾಕೂದು. ಮೊದಲ್ನೇಕಿ ತೀರಿಕೊಂಡ ಮ್ಯಾಲ ಲಗ್ನ ಆದಾಕಿ ಕಾಯ್ದೇಶೀರ ಹೆಂಡತಿ. ವಿಲ್ ಬರೀದ ಗಂಡ ಸತ್ತರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವನ ಪಾಲಿನ್ಯಾಗ ಮಕ್ಕಳ ಸರಿಸಮ ಆಕಿಗೂ ಪಾಲು ಬರ್ತದ. ನನ್ನ ಕಡೆ ಬರೂ ಎರಡನೇ ಸಂಬಂಧದ ಕೇಸಿನ್ಯಾಗ ಪ್ರೀತಿ ಮಾತು ಯಾರೂ ಆಡಂಗಿಲ್ಲ. ಉತಾರದಾಗ, ಅಂದ್ರ ಆಸ್ತಿ ಕಾಗದದಾಗ, ಆಕಿ ಹೆಸರು ಏರತೈತೋ ಇಲ್ಲೋ, ಅದಷ್ಟ ಕೇಳ್ತಾರ.

ನಾನು: ಮಾಮಾ ಹೇಳಿದ್ದು ಖರೆ, ಆದ್ರ ಅದು ಹೊರಗಿನ ಕಾಟ. ನನಗ ಬ್ಯಾರೆ ಒಂದು ಚುಚ್ಚತೈತಿ, ಸ್ವಲ್ಪ ಉದ್ದ ಬರೀತೀನಿ.

45ರ ಒಳ್ಳೆ ಗಂಡಸು, 20ರ ಒಳ್ಳೆ ಹುಡುಗಿ. ಲಗ್ನ ಆತು. ಮರುದಿನ ಬೆಳಗ್ಗೆ ಎದ್ದು ಇಬ್ರೂ ಚಾ ಕುಡೀತಾರ. ಆಮ್ಯಾಲ ಏನು? ಆಕಿ ಗೆಳತ್ಯಾರ ಜೋಡಿ ಅಂವ ಏನ್ ಮಾತಾಡ್ತಾನ? ಆಕಿ 40 ಆದಾಗ ಅಂವ 65. ಇದನ್ನ ಅಂವ ರಾತ್ರಿ ಒಬ್ಬನ ಕುಂತು ಎಣಸತಾನೋ ಇಲ್ಲೋ? ಸೀರಿಯಲ್ ಹುಟ್ಟಿದ್ದ ಈ ಪ್ರಶ್ನಿಯಿಂದ. ಮೊದಲ ಮೊದಲ ನಾವೆಲ್ಲಾ ಟಿವಿ ಮುಂದ ಕುಂತದ್ದೂ ಇದಕ್ಕ. ಆದ್ರ ಉತ್ತರ ಹೇಳೂ ಹೊತ್ತಿಗೆ ಅವನ ಮೊದಲ್ನೇ ಹೆಂಡತಿ ರಾಜನಂದಿನಿ ಬಂದ್ಲು. ಅನು ಅಂದ್ರ ಸತ್ತ ರಾಜನಂದಿನಿನ, ಮತ್ತ ಹುಟ್ಟಿ ಬಂದಾಳ ಅಂದ್ರು. ಅಲ್ಲಿಗೆ 25 ವರ್ಷದ ಅಂತರ ಅಳಿಸಿ ಹೋತು, ಯಾಕಂದ್ರ ಆಕಿ ಹೊಸಾಕಿನ ಅಲ್ಲ, ಹಳೇ ಹೆಂಡತಿ. ಹಂಗಾದ್ರ ಅಂವ ಎರಡನೇ ಲಗ್ನಾನ ಆಗಲಿಲ್ಲ! ಆ ಸಣ್ಣ ಮನ್ಯಾಗ ಬೆಳದ ಹುಡುಗಿ ಎಲ್ಲಿ ಹೋದ್ಲು? ಆಕಿ ಹೆಸರು, ಆಕಿ ಆಸೆ, ಆಕಿ ಸಿಟ್ಟು?

ಕಾಕು, ನಿಮ್ಮ ಮರಾಠಿ ಕಥೀನೂ ಅದನ್ನ ಮಾಡೈತಿ. ಅಲ್ಲೂ ಪುನರ್ಜನ್ಮ ಐತಿ, ಮ್ಯಾಲ ಅವನ್ನ ಕೊಲೆಗಾರ ಮಾಡಿದ್ರು. ಕೆಟ್ಟಂವ ಆಗಿಬಿಟ್ರ ನಿರ್ಣಯ ಸುಲಭ, ಇಂಥಾವಗ ಸುಖ ಇಲ್ಲ ಅಂತ ಎಲ್ಲಾರೂ ಹೇಳಬಹುದು. ಒಳ್ಳೆಂವ ಇದ್ದೂ ಸುಖ ಸಿಕ್ಕತೋ ಇಲ್ಲೋ ಅನ್ನೂದು ತ್ರಾಸಿನ ಪ್ರಶ್ನಿ. ಅದರಿಂದ ಎರಡೂ ಕಥಿ ತಪ್ಪಿಸ್ಕೊಂಡವು ಅಂತ ನನಗ ಭಾಳ ಬ್ಯಾಸರ ಐತಿ.

ದೊಡ್ಡಪ್ಪ: ಪ್ರೀತಿ ಜನ್ಮ ಜನ್ಮಕ್ಕ ಬರ್ತದ ಅಂತ ತೋರ್ಸಿದ್ರ ತಪ್ಪೇನವ್ವಾ? ನೀವು ಓದಿದವರು ಎಲ್ಲಾದ್ರಾಗೂ ಕಲ್ಲ ಹುಡಕತೀರಿ. ಹಿಂದಕ 20 ವರ್ಷ ಅಂತರದ ಸಂಬಂಧ ನಾವ ಮುಂದ ನಿಂತು ಮಾಡೇವಿ. ಎಲ್ಲಾರೂ ಚಂದ ಬಾಳೇ ಮಾಡ್ಯಾರ.

ಅಕ್ಕ (ನವನಗರ): ಚಂದ ಬಾಳೇ ಮಾಡ್ಯಾರ ಅಂತ ಯಾರ ಹೇಳಿದ್ರು, ಅವರ ಹೇಳಿದ್ರೇನ್ರಿ?

ತಮ್ಮ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತಿ (ವಿಜಯಪುರ): ತಮ್ಮಾ ಅಳಸಬ್ಯಾಡಪಾ, ನಾ ಓದೀನಿ. ‘ನಮ್ಮ ಅತ್ತಿನ ಕೇಳ್ರಿ’ ಅಂದಿದ್ದಿ. ಕೇಳೂದ್ರಾಗ ಏನೂ ತಪ್ಪಿಲ್ಲ.

ನನಗ 22, ಅವರಿಗೆ 43. ನಮ್ಮ ಅಣ್ಣಾರು ನೋಡಿ ಮಾಡಿದ ಸಂಬಂಧ. ಮೊದಲ್ನೇಕಿ ಹೆರಗ್ಯಾಗ ತೀರಿದ್ಲು. ಹೊಲಾ ಇತ್ತು, ಕಿರಾಣಿ ಅಂಗಡಿ ಇತ್ತು, ರೊಕ್ಕಕ್ಕ ಕಡಿಮಿ ಇರಲಿಲ್ಲ. ಮಂದಿ ಎಲ್ಲಾರೂ ಅವರನ್ನ ನೋಡಿ ‘ಪುಣ್ಯವಂತ, ಹೊಸ ಜೀವ ಬಂತು’ ಅಂದ್ರು.

ಒಳಗ ಅವರು ಅಂಜಿಕೊಂಡ ಇದ್ರು. ಲಗ್ನಾದ ವರ್ಷ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿಗೆ ಹೋಗಿದ್ವಿ. ಬಳಿಗಾರ ಅವರಿಗೆ ‘ಮಗಳ ಕೈ ಮುಂದ ಮಾಡ್ಸ್ರಿ’ ಅಂದ. ಅವರು ರೊಕ್ಕಾ ಕೊಟ್ಟು ದೂರ ಹೋಗಿ ನಿಂತ್ರು. ಅವತ್ತಿನಿಂದ ನನ್ನ ಜೋಡಿ ಹೊರಗ ಬರೂದು ಬಿಟ್ರು. ಲಗ್ನದ ಕಾರ್ಡ್ ಬಂದ್ರ ‘ನೀ ಹೋಗಿ ಬಾ, ನನಗ ಅಂಗಡಿ ಅದ’. ನನಗ ಅನ್ನಸ್ತಿತ್ತು, ನಾ ಚಂದಿಲ್ಲ ಅಂತ ಕರ್ಕೊಂಡ ಹೋಗಂಗಿಲ್ಲ. ಅವರಿಗೆ ಅನ್ನಸ್ತಿತ್ತಂತ, ನನ್ನ ನೋಡಿದ್ರ ಇಕಿಗೆ ನಾಚಿಕಿ ಬರ್ತದ ಅಂತ. ಇಬ್ರೂ ಬಾಯಿ ಬಿಡಲಿಲ್ಲ.

ಇನ್ನ ರಾಜನಂದಿನಿ ಮಾತು. ಮಾನೌಮಿ ಅಮಾಸಿಗೆ ಹಿರೇರ ಪೂಜಾ ಇರ್ತದಲ್ಲ, ಮೊದಲ್ನೇಕಿ ಹೆಸರಲೆ ಹೊಸ ಸೀರಿ ಇಟ್ಟು ಕಾಯಿ ಒಡದು ನೈವೇದ್ಯ ಮಾಡಾಕಿ ನಾನ. ಪೂಜಾ ಆದಮ್ಯಾಲ ಆ ಸೀರಿ ಉಡಾಕೀನೂ ನಾನ. ಒಂದ ವರ್ಷ ಅವರ ಅವ್ವ ನಾ ಉಟ್ಟದ್ದ ನೋಡಿ ‘ಥೇಟ ಆಕಿನ ಬಂದಂಗಾತು’ ಅಂತ ಕಣ್ಣೀರ ತಗದ್ರು. ಮುದುಕಿ ಪ್ರೀತಿಲೇ ಅಂದ್ರು, ನನಗ ಗೊತ್ತದ. ಆದ್ರ ನನಗ ಉಸರ ಕಟ್ಟಿದಂಗಾತು. ನಾ ಆಕಿ ಅಲ್ಲ. ಸೀರಿಯಲ್‌ನ್ಯಾಗ ಅನುಗ ನೀನ ಆಕಿ ಅಂದಾಗ ಮಂದಿ ಚಪ್ಪಾಳಿ ಹೊಡದ್ರು, ನಾ ಟಿವಿ ಬಂದ್ ಮಾಡಿ ಅಡಗಿಮನಿಗೆ ಹ್ವಾದೆ.

ಕಾಕು (ಬೆಳಗಾವಿ): ಇಷ್ಟ ವರ್ಷದಾಗ ಇದನ್ನ ಒಮ್ಮೀನೂ ಅಂದಿಲ್ಲಲ್ಲ ವೈನಿ.

ಅತ್ತಿ (ವಿಜಯಪುರ): ಅವತ್ತ ರಾತ್ರಿ ಅವರ ಮುಂದ ಅಂದೆ ನೋಡ್ರಿ. ‘ನೀವೂ ಹಂಗ ಅನ್ನೂದಾದ್ರ ನನ್ನ ತವರಮನಿಗೆ ಕಳಸ್ರಿ’ ಅಂದೆ. ಅವರು ಭಾಳ ಹೊತ್ತು ಕುಂತು, ‘ನೀ ಆಕಿ ಅಲ್ಲ, ಆಕಿ ಇಷ್ಟ ಮಾತಾಡ್ತಿರಲಿಲ್ಲ’ ಅಂದ್ರು. ಅವತ್ತ ಮೊದಲ ಸಲ ಇಬ್ರೂ ಕೂಡಿ ನಕ್ಕೀವಿ. ಮುಂದಿನ ಜಾತ್ರಿಗೆ ತಾವ ಕರ್ಕೊಂಡ ಹೋಗಿ ‘ನನ್ನ ಹೆಂಡತಿಗೆ ಬಳಿ ತೊಡಸು’ ಅಂತ ಬಳಿಗಾರನ ಮುಂದ ಕುಂತ್ರು.

ನಾನು: ಅತ್ತಿ, ಇದನ್ನ ಯಾವ ಸೀರಿಯಲ್‌ನವರೂ ತೋರ್ಸಂಗಿಲ್ಲ. ‘ಶ್ರೀರಸ್ತು ಶುಭಮಸ್ತು’ದಾಗ ತುಳಸಿ-ಮಾಧವ ಅವರ ಕಥಿ ನನಗ ಹಿಡಸಿದ್ದೂ ಇದಕ್ಕ. ಅಲ್ಲಿ ತುಳಸಿ ಆದ ಸುಧಾರಾಣಿ ಪಾತ್ರಕ್ಕ ಪುನರ್ಜನ್ಮ ಬೇಕಾಗಲಿಲ್ಲ. ವಯಸ್ಸಾದವರು, ಬೆಳದ ಮಕ್ಕಳಿದ್ದವರು, ಅವರವರ ಹೆಸರಲೇನ ಲಗ್ನ ಆದ್ರು.

ದೊಡ್ಡಪ್ಪ: ತಂಗಿ, ಹಂಗಂದ್ರ ನಾ ಮಾಡಿದ ಸಂಬಂಧ ತಪ್ಪಾತೇನು?

ಅತ್ತಿ (ವಿಜಯಪುರ): ಅಣ್ಣಾ, ಸಿಟ್ಟಿಂದ ಅನ್ನಾಕತ್ತಿಲ್ಲ. ಅವರು ಒಳ್ಳೇರ ಇದ್ರು. ಆದ್ರ ನೀವು ಬಂದಾಗೆಲ್ಲಾ ಅವರನ್ನ ‘ಹೆಂಗದೀರಿ, ಆರಾಮೇನು’ ಅಂತ ಕೇಳಿ ನನಗ ‘ಚಾ ಮಾಡವ್ವಾ’ ಅಂತಿದ್ರಿ.

ದೊಡ್ಡಪ್ಪ: ನಾ ಕೇಳಬೇಕಾಗಿತ್ತು. ಆದ್ರೂ ಅವರು ಸುಖದಾಗ ಇದ್ರು ಅಂತ ನಾ ಈಗೂ ಅನ್ನಾಂವ.

ಅತ್ತಿ (ವಿಜಯಪುರ): ಇದ್ರು ಅಣ್ಣಾ. ನಾ ಇಲ್ಲ ಅಂದಿಲ್ಲ. ಲಗ್ನ ಆದ ದಿನದಿಂದ ಇರಲಿಲ್ಲ, ಆ ಅಮಾಸಿ ರಾತ್ರಿಯಿಂದ ಇದ್ರು.